ವೆಡ್ಜ್‌ನ ಮುಖ ನೋಡಿ ಮರುಳಾಗೋರಿಗೆ

ಗಾಲ್ಫ್ ಆಡೋರು ಡ್ರೈವರ್, ಅಂದರೆ ಚೆಂಡನ್ನ ತುಂಬಾ ದೂರಕ್ಕೆ ಹೊಡೆಯೋ ಕೋಲು, ಕೊಳ್ಳುವಾಗ ಬಲು ಲೆಕ್ಕಾಚಾರದವರು. ಎಷ್ಟು ಗಜ ಜಾಸ್ತಿ ಹೋಗುತ್ತೆ, ಎಷ್ಟು ನೇರ ಹೋಗುತ್ತೆ ಅಂತ ಅಂಗಡಿಯವನ ತಲೆ ತಿನ್ನುತ್ತಾರೆ. ವೆಡ್ಜ್ ಅಂದ ತಕ್ಷಣ ಆ ಲೆಕ್ಕ ಎಲ್ಲಾ ಗಾಳಿಗೆ. ಕೈಗೆ ತಗೊಳ್ಳೋದು, ನೆಲಕ್ಕಿಟ್ಟು ಮೇಲಿಂದ ಒಂದು ಸಲ ನೋಡೋದು, ಆಮೇಲೆ ಒಂದು ‘ಆಹಾ’. ವ್ಯಾಪಾರ ಮುಗೀತು.

ಆಟ ಗೊತ್ತಿಲ್ಲದವರಿಗೆ ಒಂದೆರಡು ಮಾತು. ಚೆಂಡು ಹೊಡೆಯೋ ಕೋಲಿಗೆ ಕ್ಲಬ್ ಅಂತಾರೆ. ಬ್ಯಾಗಿನಲ್ಲಿ ಹದಿನಾಲ್ಕಕ್ಕಿಂತ ಜಾಸ್ತಿ ಕ್ಲಬ್ ಇಟ್ಟುಕೊಳ್ಳೋ ಹಾಗಿಲ್ಲ. ಅಮೆರಿಕದಲ್ಲಿ 1938ರಿಂದಲೇ ಇದು ನಿಯಮ. ಅದರಲ್ಲಿ ಮೂರೋ ನಾಲ್ಕೋ ವೆಡ್ಜ್. ಚೆಂಡಿಗೆ ತಗಲೋ ಮುಖ ಜಾಸ್ತಿ ಓರೆ ಇರೋ ಕ್ಲಬ್ ಇವು. ಹೊಡೆದರೆ ಚೆಂಡು ದೂರಕ್ಕಿಂತ ಮೇಲಕ್ಕೆ ಏಳುತ್ತದೆ, ಬಿದ್ದ ಮೇಲೆ ಬೇಗ ನಿಲ್ಲುತ್ತದೆ. ಕೊನೆಯ ನೂರು ಗಜದ ಕೆಲಸ ಎಲ್ಲಾ ಇವುಗಳದ್ದೇ.

ನಮ್ಮ ಮೈಸೂರಿನ ಜಯಚಾಮರಾಜ ಒಡೆಯರ್ ಗಾಲ್ಫ್ ಕ್ಲಬ್ಬಿನಲ್ಲಿ ಭಾನುವಾರ ಬೆಳಗ್ಗೆ ಬೇರೆಯವರ ಬ್ಯಾಗಿನೊಳಗೆ ಇಣುಕೋದು ನನಗೊಂದು ಚಟ. ಡ್ರೈವರ್ ನೋಡಿದರೆ ಆ ಮನುಷ್ಯನ ಸಂಬಳ ಗೊತ್ತಾಗುತ್ತೆ. ವೆಡ್ಜ್ ನೋಡಿದರೆ ಅವನ ಸ್ವಭಾವ. ಒಬ್ಬರ ಹತ್ತಿರ ಪೂರ್ತಿ ಕಪ್ಪು. ಇನ್ನೊಬ್ಬರದ್ದು ತಾಮ್ರದ ಬಣ್ಣ. ಮತ್ತೊಬ್ಬರು ಮಗಳ ಹೆಸರಿನ ಅಕ್ಷರ ಅಚ್ಚೊತ್ತಿಸಿ, ಅದಕ್ಕೆ ಗುಲಾಬಿ ಬಣ್ಣ ತುಂಬಿಸಿಕೊಂಡು ಬಂದಿದ್ದಾರೆ. ನಡು ದೂರಕ್ಕೆ ಬಳಸೋ ಏಳನೇ ಐರನ್ ಮೇಲೆ ಮಗಳ ಹೆಸರು ಹಾಕಿಸಿದವರನ್ನ ನಾನಂತೂ ಕಂಡಿಲ್ಲ.

ಇನ್ನು ತುಕ್ಕಿನ ಶೋಕಿ ಬೇರೆ. ‘ರಾ’ ಫಿನಿಶ್ ಅಂತ ಬರುತ್ತೆ. ಮೇಲೆ ಕ್ರೋಮ್ ಲೇಪ ಇರೋದಿಲ್ಲ, ಆಡ್ತಾ ಆಡ್ತಾ ಮುಖ ಕಂದುಗಟ್ಟುತ್ತದೆ. ದೊಡ್ಡ ಆಟಗಾರರು ಇಟ್ಟುಕೊಳ್ಳುತ್ತಾರೆ, ಟೀವಿಯಲ್ಲಿ ಕಾಣುತ್ತೆ, ನಮ್ಮವರಿಗೂ ಬೇಕು. ಸ್ನೇಹಿತರೊಬ್ಬರು ಅಂಥದ್ದು ತಂದು ಮನೆಯಲ್ಲಿ ಗೋಡೆಗೆ ಒರಗಿಸಿಟ್ಟರೆ, ಅವರ ತಾಯಿ ನೋಡಿ, ‘ಹೊಸದು ಅಂತೀಯ, ತುಕ್ಕು ಹಿಡಿದಿದೆಯಲ್ಲೋ, ಹುಣಸೆಹಣ್ಣು ಹಾಕಿ ಉಜ್ಜಿ ಕೊಡ್ಲಾ?’ ಅಂದರಂತೆ. ಬಿಸಿಲಲ್ಲಿ ಕಣ್ಣಿಗೆ ಹೊಳಪು ಹೊಡೆಯೋದಿಲ್ಲ, ಆ ಮಟ್ಟಿಗೆ ಅದು ಉಪಯೋಗವೇ. ತುಕ್ಕಿನಿಂದ ಚೆಂಡು ಜಾಸ್ತಿ ತಿರುಗುತ್ತೆ, ಅಂದರೆ ಸ್ಪಿನ್ ಆಗುತ್ತೆ ಅನ್ನೋದನ್ನ ಮಾತ್ರ ನಾನು ಒಪ್ಪಲ್ಲ. ತಿರುಗಿಸೋದು ಮುಖದ ಮೇಲಿನ ಗೀರುಗಳು, ಅಂದರೆ ಗ್ರೂವ್. ಅದರ ಅಂಚು ಸವೆದಿದ್ದರೆ, ಇಲ್ಲಾ ಒಳಗೆ ಮಣ್ಣು ಕೂತಿದ್ದರೆ, ಯಾವ ಬಣ್ಣವೂ ಕಾಪಾಡಲ್ಲ.

ಗ್ರೂವ್ ಮಹಿಮೆಗೆ ಒಂದು ಒಳ್ಳೇ ಕತೆ ಇದೆ. 2010ರಲ್ಲಿ ದೊಡ್ಡ ಪಂದ್ಯಗಳಲ್ಲಿ ಗ್ರೂವ್‌ನ ಅಂಚು ಇಷ್ಟಕ್ಕಿಂತ ಚೂಪಾಗಿ ಇರಬಾರದು ಅಂತ ಹೊಸ ನಿಯಮ ಬಂತು. ಆಗ ಅಮೆರಿಕದ ದೊಡ್ಡ ಆಟಗಾರ ಫಿಲ್ ಮಿಕೆಲ್ಸನ್ ಏನು ಮಾಡಿದ ಗೊತ್ತಾ? ಪಿಂಗ್ ಅನ್ನೋ ಕಂಪನಿಯ ಇಪ್ಪತ್ತು ವರ್ಷ ಹಳೆಯ ಐ 2 ವೆಡ್ಜ್ ಹೊರಗೆ ತೆಗೆದ. ಆ ಕಂಪನಿಗೂ ಅಮೆರಿಕದ ಗಾಲ್ಫ್ ಸಂಸ್ಥೆಗೂ ಹಿಂದೆ ಕೋರ್ಟ್ ವ್ಯಾಜ್ಯ ಆಗಿ ರಾಜಿಯಾಗಿತ್ತು. 1990ರ ಏಪ್ರಿಲ್‌ಗೆ ಮುಂಚೆ ತಯಾರಾದ ಆ ಕ್ಲಬ್ಬುಗಳಿಗೆ ಹೊಸ ನಿಯಮ ತಾಗುತ್ತಿರಲಿಲ್ಲ. ಜೊತೆಯವರು ಸಿಟ್ಟಾದರು, ದೊಡ್ಡ ರಾದ್ಧಾಂತವೇ ಆಯಿತು. ನೋಡೋಕೆ ಅಷ್ಟೇನೂ ಚಂದ ಇಲ್ಲದ ವೆಡ್ಜ್ ಅದು. ಆದರೂ ಅವನಿಗೆ ಬೇಕಾಯಿತು, ಯಾಕೆಂದರೆ ಅದರಿಂದ ಏನು ಸಿಗುತ್ತೆ ಅನ್ನೋದು ಅವನಿಗೆ ಗೊತ್ತಿತ್ತು.

ನಮಗೆ ಗೊತ್ತಿದೆಯಾ ಅನ್ನೋದೇ ನನ್ನ ತಕರಾರು.

ಎಲ್ಲರೂ ಮರುಳಾಗೋದು ಮೇಲಿಂದ ಕಾಣೋದಕ್ಕೆ. ಕೆಲಸ ಮಾಡೋದು ತಳ. ವೆಡ್ಜನ್ನ ತಿರುಗಿಸಿ ಹಿಡಿದು ನೋಡಿ. ತಳ ಚಪ್ಪಟೆಯಾಗಿರಲ್ಲ, ಸೌಟಿನ ಬೆನ್ನಿನ ಹಾಗೆ ಒಂಚೂರು ಉಬ್ಬಿರುತ್ತೆ. ಮುಂದಿನ ಅಂಚಿಗಿಂತ ಆ ಉಬ್ಬು ಎಷ್ಟು ಕೆಳಗಿದೆ ಅನ್ನೋ ಕೋನವೇ ಬೌನ್ಸ್. ಕೆಲವು ಕಂಪನಿಯವರು ಕ್ಲಬ್ ಮೇಲೇ ಕೆತ್ತಿರುತ್ತಾರೆ. 56.10 ಅಂತಿದ್ದರೆ ಮುಖದ ಓರೆ 56 ಡಿಗ್ರಿ, ಬೌನ್ಸ್ 10. ಮೊದಲನೇ ಅಂಕಿ ಎಲ್ಲರಿಗೂ ಬಾಯಿಪಾಠ. ಎರಡನೇದು ಕೇಳಿ ನೋಡಿ, ಮಾತು ಬದಲಾಯಿಸುತ್ತಾರೆ.

ಬೌನ್ಸ್ ಜಾಸ್ತಿ ಇದ್ದರೆ ಮೆತ್ತನೆ ಮರಳಲ್ಲಿ, ಒದ್ದೆ ನೆಲದಲ್ಲಿ ಕ್ಲಬ್ ಹೂತುಕೊಳ್ಳಲ್ಲ, ಜಾರಿಕೊಂಡು ಹೋಗುತ್ತೆ. ಗಟ್ಟಿ ನೆಲದಲ್ಲಿ ಅದೇ ಶತ್ರು. ತಳ ನೆಲಕ್ಕೆ ಬಡಿದು ಮೇಲೇಳುತ್ತೆ, ಅಂಚು ಹೋಗಿ ಚೆಂಡಿನ ಸೊಂಟಕ್ಕೆ ತಗಲುತ್ತೆ. ನಮ್ಮೂರ ನೆಲ ಹೇಗೆ? ಚಾಮುಂಡಿ ಬೆಟ್ಟದ ತಪ್ಪಲಿನ ಕೆಮ್ಮಣ್ಣು. ಮಳೆಗಾಲದಲ್ಲಿ ಬೆಣ್ಣೆ. ಮಾರ್ಚ್ ಏಪ್ರಿಲ್‌ನಲ್ಲಿ ಹುಲ್ಲು ತೆಳ್ಳಗಾದ ಕಡೆ ಟಣ್ ಅನ್ನುತ್ತೆ. ಇಂಗ್ಲೆಂಡಿನಲ್ಲೋ ಫ್ಲೋರಿಡಾದಲ್ಲೋ ಆಡೋರು ಹೊಗಳಿದ ವೆಡ್ಜ್ ಇಲ್ಲಿಗೆ ಹೊಂದಬೇಕು ಅಂತ ಏನಿದೆ?

ಬೇಸಿಗೆಯಲ್ಲಿ ಇದನ್ನ ಎಷ್ಟೋ ಸಲ ನೋಡಿದ್ದೇನೆ. ಚೆಂಡು ಗ್ರೀನಿಂದ, ಅಂದರೆ ಗುಳಿ ಇರೋ ನುಣುಪು ಹುಲ್ಲಿನ ಜಾಗದಿಂದ, ಹತ್ತು ಹೆಜ್ಜೆ ಆಚೆ, ಹುಲ್ಲು ಇಲ್ಲದ ಜಾಗದಲ್ಲಿ ಕೂತಿರುತ್ತೆ. ಮೆಂಬರ್ ಸಾಹೇಬರು 60 ಡಿಗ್ರಿ ಲಾಬ್ ವೆಡ್ಜ್‌ಗೆ ಕೈ ಹಾಕುತ್ತಾರೆ. ಬ್ಯಾಗ್ ಹೊರೋ ಕ್ಯಾಡಿ ಮೆಲ್ಲಗೆ ಹೇಳುತ್ತಾನೆ, ‘ಸಾ, ನೆಲ ಗಟ್ಟಿ ಐತೆ. ಅರವತ್ತು ಬ್ಯಾಡ, ಎಂಟ್ನೇ ಐರನ್‌ನಲ್ಲಿ ಹಂಗೇ ಉರುಳ್ಸಿ.’ ‘ಇರ್ಲಿ, ಕೊಡಯ್ಯ.’ ಮುಖವನ್ನ ಪೂರ್ತಿ ಆಕಾಶಕ್ಕೆ ತೆರೆದು ಇಡುತ್ತಾರೆ. ಹಾಗೆ ತೆರೆದರೆ ಬೌನ್ಸ್ ಇನ್ನೂ ಜಾಸ್ತಿಯಾಗುತ್ತೆ ಅನ್ನೋದು ಅವರಿಗೆ ಯಾರೂ ಹೇಳಿಲ್ಲ. ಟಕ್ ಅಂತ ಒಂದು ಸದ್ದು. ಚೆಂಡು ಮೊಣಕಾಲೆತ್ತರದಲ್ಲಿ ಗ್ರೀನ್ ದಾಟಿ ಆ ಕಡೆ ಮರಳಿನ ಗುಂಡಿಗೆ, ಅಂದರೆ ಬಂಕರಿಗೆ. ಕ್ಯಾಡಿ ಏನೂ ಮಾತಾಡದೆ ಟವಲ್ ಹುಡುಕುತ್ತಾನೆ. ತಳದ ಆಕಾರಕ್ಕೆ ಗ್ರೈಂಡ್, ಕ್ಯಾಂಬರ್ ಅಂತೆಲ್ಲಾ ಹೇಳ್ತಾರಲ್ಲ, ಆ ಹೆಸರು ಅವನಿಗೆ ಬೇಡ. ನೆಲ ಗೊತ್ತು, ಸಾಕು.

ತಳದ ಬೆಲೆ ಕಂಡುಕೊಂಡವರಲ್ಲಿ ದೊಡ್ಡ ಹೆಸರು ಅಮೆರಿಕದ ಆಟಗಾರ ಜೀನ್ ಸಾರಜೆನ್. 1930ರ ಆಸುಪಾಸಿನಲ್ಲಿ ಅವನು ಕ್ಲಬ್‌ನ ತಳಕ್ಕೆ ಲೋಹ ಬೆಸೆದು, ಮರಳಲ್ಲಿ ಹೂತುಹೋಗದ ಹಾಗೆ ಮಾಡಿಕೊಂಡ. 1932ರಲ್ಲಿ ಇಂಗ್ಲೆಂಡಿನ ಪ್ರಿನ್ಸಸ್ ಮೈದಾನದಲ್ಲಿ ಅದೇ ಕ್ಲಬ್ ಹಿಡಿದು ಬ್ರಿಟಿಷ್ ಓಪನ್ ಗೆದ್ದ. ಪಂದ್ಯಕ್ಕೆ ಮುಂಚೆ ಅಧಿಕಾರಿಗಳ ಕಣ್ಣಿಗೆ ಬಿದ್ದರೆ ಬೇಡ ಅಂದುಬಿಟ್ಟಾರು ಅಂತ ಅದನ್ನ ಬಚ್ಚಿಟ್ಟುಕೊಂಡು ಓಡಾಡುತ್ತಿದ್ದ ಅನ್ನೋ ಕತೆಯೂ ಇದೆ. ತೋರಿಸಿಕೊಂಡು ಮೆರೆಯೋಕೆ ತಂದಿದ್ದಲ್ಲ ನೋಡಿ ಅದು.

ಹಾಗಂತ ಚಂದಕ್ಕೆ ಬೆಲೆಯೇ ಇಲ್ಲ ಅಂತ ನಾನು ಹೇಳಲ್ಲ. ಚೆಂಡಿನ ಹಿಂದೆ ಇಟ್ಟಾಗ ಆಕಾರ ಕಣ್ಣಿಗೆ ಒಪ್ಪದಿದ್ದರೆ ಕೈ ಬಿಗಿಯುತ್ತೆ. ಬಿಗಿದ ಕೈಯಲ್ಲಿ ಚಿಪ್, ಅಂದರೆ ಗ್ರೀನ್ ಹತ್ತಿರದ ಸಣ್ಣ ಹೊಡೆತ, ಆಡೋಕಾಗಲ್ಲ. ನನಗೆ ದಪ್ಪ ಮೇಲಂಚಿನ ವೆಡ್ಜ್ ಆಗೋದೇ ಇಲ್ಲ. ಕ್ಲೀವ್‌ಲ್ಯಾಂಡ್ 588 ಅಂತ 1988ರಲ್ಲಿ ಬಂದ ಒಂದು ವೆಡ್ಜ್ ಇದೆ. ನೀರಿನ ಹನಿಯ ಆಕಾರದ ತಲೆ. ಅದರ ನೆರಳು ಇವತ್ತಿಗೂ ಎಷ್ಟೋ ವೆಡ್ಜ್‌ಗಳಲ್ಲಿ ಕಾಣುತ್ತೆ. ಕಣ್ಣಿಗೆ ನೆಮ್ಮದಿ ಕೊಡೋ ಆಕಾರ ಅದು, ಇಲ್ಲ ಅನ್ನೋಕಾಗಲ್ಲ. ಇನ್ನು ‘ಫೀಲ್’ ಅಂತಾರಲ್ಲ, ಅದರಲ್ಲಿ ಅರ್ಧ ಕಿವಿಗೆ ಕೇಳೋ ಸದ್ದು ಅಂತ ನನ್ನ ಅನುಮಾನ. ಅದೂ ಇರಲಿ, ಸುಳ್ಳಾದರೂ ಸುಖ ಕೊಡುತ್ತೆ.

ಇನ್ನೊಂದು ವಿಷಯ, ಇದರಲ್ಲಿ ತಪ್ಪು ನಮ್ಮದಲ್ಲ. ಹಿಂದೆ ಐರನ್ ಸೆಟ್ ಜೊತೆ ಬರೋ ಪಿಚಿಂಗ್ ವೆಡ್ಜ್ ಅಂದರೆ 48 ಡಿಗ್ರಿ, ಕೆಲವು ಸೆಟ್‌ನಲ್ಲಿ 50. ಈಗಿನ ಸೆಟ್‌ಗಳಲ್ಲಿ ಕಂಪನಿಯವರು ಅದನ್ನ 44, 43ಕ್ಕೂ ಇಳಿಸಿದ್ದಾರೆ. ಓರೆ ಕಡಿಮೆಯಾದರೆ ಚೆಂಡು ದೂರ ಹೋಗುತ್ತೆ, ಕೊಳ್ಳೋನು ಖುಷಿಪಡುತ್ತಾನೆ. ಆಮೇಲೆ ನೋಡಿದರೆ 44ಕ್ಕೂ 56ಕ್ಕೂ ನಡುವೆ ದೊಡ್ಡ ಹಳ್ಳ. ಅದನ್ನ ಮುಚ್ಚೋಕೆ 50 ಡಿಗ್ರಿದು ಒಂದು ಕೊಳ್ಳಿ ಅಂತ ಅವರೇ ಹೇಳುತ್ತಾರೆ. ಹಳ್ಳ ತೋಡಿದವರೂ ಅವರೇ, ಮಣ್ಣು ಮಾರೋರೂ ಅವರೇ. ಆದರೂ ಆ 50 ಕೊಳ್ಳಿ, ನಿಜವಾಗಲೂ ಬೇಕಾಗುತ್ತೆ. ನಾಲ್ಕರಿಂದ ಆರು ಡಿಗ್ರಿ ಅಂತರ ಇದ್ದರೆ ಆಟ ಸಲೀಸು.

60 ಡಿಗ್ರಿ ವೆಡ್ಜ್ ಬಗ್ಗೆ ಮಾತ್ರ ನನ್ನದು ಖಡಾಖಂಡಿತ ಅಭಿಪ್ರಾಯ. ವಾರಕ್ಕೊಂದು ದಿನ ಆಡೋರು ಅದನ್ನ ಮನೆಯಲ್ಲಿಟ್ಟು ಬನ್ನಿ. ಅಮೆರಿಕದ ವೃತ್ತಿಪರ ಆಟಗಾರ ಟಾಮ್ ಕೈಟ್ ಅಂಥವರು 1980ರ ದಶಕದಲ್ಲಿ ಅದನ್ನ ಬ್ಯಾಗಿಗೆ ತಂದಾಗ, ಅದರ ಹಿಂದೆ ಗಂಟೆಗಟ್ಟಲೆ ಅಭ್ಯಾಸ ಇತ್ತು. ನಮ್ಮ ಅಭ್ಯಾಸ ಏನು? ಟೀ ಆಫ್‌ಗೆ (ಆಟದ ಮೊದಲ ಹೊಡೆತಕ್ಕೆ) ಮುಂಚೆ ಒಂದು ಕಾಫಿ.

ಕೊಳ್ಳೋ ಮುಂಚೆ ಒಂದು ಕೆಲಸ ಮಾಡಿ. ಈಗಿರೋ ಹಳೇ ವೆಡ್ಜ್‌ನ ತಳ ನೋಡಿ, ಎಲ್ಲಿ ಸವೆದಿದೆ ಅಂತ. ಮುಂದಿನ ಅಂಚಿನ ಹತ್ತಿರ ಜಾಸ್ತಿ ಸವೆದಿದ್ದರೆ ನೀವು ನೆಲ ಅಗೆಯೋರು, ಬೌನ್ಸ್ ಸ್ವಲ್ಪ ಜಾಸ್ತಿ ಇರಲಿ. ಹಿಂಭಾಗ ಸವೆದಿದ್ದರೆ ಕಡಿಮೆ ಸಾಕು. ಅಂಗಡಿಯವನು ಇದನ್ನ ಕೇಳಲ್ಲ. ಹೋದ ಸಲ ಒಬ್ಬ ನನಗೆ ಬೌನ್ಸ್ ಕೇಳಿದ್ದಕ್ಕೆ, ‘ಸಾರ್, ಇದು ಲೇಟೆಸ್ಟ್ ಮಾಡೆಲ್’ ಅಂದ.

ಅಂದಹಾಗೆ, ಮಳೆಗಾಲಕ್ಕೆ ನನಗೊಂದು 54 ಅಥವಾ 56 ಬೇಕು. ಹೊಸದಾದರೆ ಹತ್ತು ಸಾವಿರ ದಾಟುತ್ತೆ, ಸೆಕೆಂಡ್ ಹ್ಯಾಂಡ್ ಸಾಕು. ಬೌನ್ಸ್ 12ಕ್ಕೆ ಕಡಿಮೆ ಬೇಡ, ಗ್ರೂವ್ ಚೆನ್ನಾಗಿರಬೇಕು. ಯಾರ ಹತ್ತಿರಾನಾದ್ರೂ ಇದ್ದರೆ ಇನ್‌ಬಾಕ್ಸ್ ಮಾಡಿ. ಬಣ್ಣ ಯಾವುದಾದರೂ ನಡೆಯುತ್ತೆ. ಕಪ್ಪಾದ್ರೆ ಇನ್ನೂರು ರೂಪಾಯಿ ಜಾಸ್ತಿ ಕೊಡ್ತೀನಿ.