ಮೋಡಕ್ಕೆ ಶಿಷ್ಟಾಚಾರ ತಿಳಿಯದು

ನಮ್ಮಲ್ಲಿ ಚುನಾವಣೆ ಬಂತೆಂದು ತಿಳಿಯಲು ಆಯೋಗದ ಪ್ರಕಟಣೆಗೆ ಕಾಯಬೇಕಿಲ್ಲ. ತಾಲ್ಲೂಕು ಕೇಂದ್ರದ ಪ್ರೌಢಶಾಲೆಯ ಮೈದಾನದಲ್ಲಿ ಸುಣ್ಣದ ಪುಡಿಯಿಂದ ಒಂದು ವೃತ್ತವನ್ನೂ ಅದರೊಳಗೆ 'ಎಚ್' ಎಂಬ ಅಕ್ಷರವನ್ನೂ ಬರೆದರೆಂದರೆ ಮುಗಿಯಿತು. ನಿನ್ನೆಯ ಕಬಡ್ಡಿ ಅಂಕಣ ಇಂದು ಹೆಲಿಪ್ಯಾಡ್.

2023ರ ಮಾರ್ಚ್ 6ರಂದು ಕಲಬುರಗಿ ಜಿಲ್ಲೆಯ ಜೇವರ್ಗಿಯಲ್ಲಿ ಯಡಿಯೂರಪ್ಪನವರ ಹೆಲಿಕಾಪ್ಟರ್ ಇನ್ನೇನು ಇಳಿಯಬೇಕು ಎನ್ನುವಾಗ ಸುತ್ತಮುತ್ತ ಬಿದ್ದಿದ್ದ ಪ್ಲಾಸ್ಟಿಕ್ ಹಾಳೆ, ಚೀಲಗಳೆಲ್ಲ ರೆಕ್ಕೆಯ ಗಾಳಿಗೆ ಎದ್ದು ನಾಯಕರನ್ನು ಎದುರುಗೊಳ್ಳಲು ಆಕಾಶಕ್ಕೇ ಹೊರಟವು. ಪೈಲಟ್ ಇಳಿಯದೆ ಮತ್ತೆ ಮೇಲೇರಿದರು. ನೆಲ ಸ್ವಚ್ಛವಾದ ಮೇಲೆಯೇ ಇಳಿದರು. ಇಂಥ ಸ್ವಾಗತಗಳಿಗೆ ಕ್ರೇನಿನಿಂದ ತೂಗುವ ಸೇಬಿನ ಹಾರವನ್ನು ತರಿಸುವವರಿಗೆ ನಾಲ್ಕು ಪೊರಕೆಗಳ ನೆನಪು ಏಕಾಗುವುದಿಲ್ಲವೋ ಕಾಣೆ. ಅದೇ ವರ್ಷದ ಮೇ 2ರಂದು ಜಕ್ಕೂರಿನಿಂದ ಮುಳಬಾಗಿಲಿಗೆ ಹೊರಟಿದ್ದ ಡಿ.ಕೆ. ಶಿವಕುಮಾರ್ ಅವರ ಹೆಲಿಕಾಪ್ಟರಿಗೆ ಹದ್ದು ಬಡಿದು ಗಾಜು ಒಡೆಯಿತು. ಎಚ್‌ಎಎಲ್ ನಿಲ್ದಾಣದಲ್ಲಿ ತುರ್ತಾಗಿ ಇಳಿಸಬೇಕಾಯಿತು. ಹದ್ದಿಗೆ ನೀತಿಸಂಹಿತೆ ಅನ್ವಯಿಸುವುದಿಲ್ಲವೆಂದು ಅದನ್ನು ಬಿಟ್ಟುಬಿಡೋಣ.

ಆದರೆ ಮೋಡ, ಮಂಜು ಮತ್ತು ಮುಳುಗುವ ಸೂರ್ಯರ ಅಶಿಸ್ತನ್ನು ಸಹಿಸುವುದು ಕಷ್ಟ. ಸುಣ್ಣದ ಗೆರೆಯ ಇಂಥ ಮೈದಾನಕ್ಕೆ ದಾರಿ ತೋರುವ ಯಾವ ಉಪಕರಣವೂ ಇರುವುದಿಲ್ಲವಾದ್ದರಿಂದ, ಪೈಲಟ್ ಕಣ್ಣಿಗೆ ನೆಲ ಕಾಣಿಸಿದರೆ ಮಾತ್ರ ಇಳಿಯಬೇಕು, ಕತ್ತಲಾಗುವುದರೊಳಗೆ ಹೊರಡಬೇಕು. ಹಾರುವುದೋ ಬೇಡವೋ ಎಂಬ ಕೊನೆಯ ಮಾತು ನಿಯಮದ ಪ್ರಕಾರ ಅವರದೇ. ನಿಯಮವಿರುವುದು ಪುಸ್ತಕದಲ್ಲಿ, ಹೆಲಿಕಾಪ್ಟರಿನ ಬಾಗಿಲಲ್ಲಿರುವುದು ಆಪ್ತ ಸಹಾಯಕರು. "ಕ್ಯಾಪ್ಟನ್, ಅಲ್ಲಿ ಇಪ್ಪತ್ತು ಸಾವಿರ ಜನ ಬೆಳಗ್ಗಿನಿಂದ ಕಾಯ್ತಿದ್ದಾರೆ. ನಿನ್ನೆ ಆ ಪಕ್ಷದವರು ಇದೇ ಮೋಡದಲ್ಲಿ ಹೋಗಿಬಂದರಲ್ಲ, ನಿಮಗೇನು ಕಷ್ಟ?" ಇಂಥ ಹವಾಮಾನ ವರದಿಯನ್ನು ಯಾವ ಇಲಾಖೆಯೂ ಕೊಡಲಾರದು. ಇತ್ತ ವೇದಿಕೆಯ ಮೇಲೆ ಹತ್ತು ನಿಮಿಷವೆಂದು ಶುರುವಾದ ಭಾಷಣ ಐವತ್ತಕ್ಕೆ ಮುಟ್ಟಿರುತ್ತದೆ, ಪೈಲಟ್ ಪಶ್ಚಿಮದ ಕಡೆ ನೋಡುತ್ತ ಕೈಗಡಿಯಾರವನ್ನು ತಿರುಗಿಸುತ್ತಿರುತ್ತಾರೆ.

ಮೋಡವಾದರೂ ಯಾರ ಹುದ್ದೆಯನ್ನೂ ವಿಚಾರಿಸಿದ್ದಿಲ್ಲ. 2001ರ ಸೆಪ್ಟೆಂಬರಿನಲ್ಲಿ ಕಾನ್ಪುರದ ಸಭೆಗೆ ಹೊರಟ ಮಾಧವರಾವ್ ಸಿಂಧಿಯಾ ಅವರ ಪುಟ್ಟ ವಿಮಾನ ಮೈನ್‌ಪುರಿಯ ಬಳಿ ಬಿತ್ತು. ಮರುವರ್ಷದ ಮಾರ್ಚಿನಲ್ಲಿ ಲೋಕಸಭೆಯ ಸ್ಪೀಕರ್ ಬಾಲಯೋಗಿಯವರ ಹೆಲಿಕಾಪ್ಟರ್ ಕೈಕಲೂರಿನ ಬಳಿ ಮೀನಿನ ಕೊಳಕ್ಕೆ ಬಿತ್ತು. 2009ರ ಸೆಪ್ಟೆಂಬರ್ 2ರಂದು ಆಂಧ್ರಪ್ರದೇಶದ ಮುಖ್ಯಮಂತ್ರಿ ರಾಜಶೇಖರ ರೆಡ್ಡಿಯವರು ನಲ್ಲಮಲ ಕಾಡಿನ ಮೇಲಿನ ಮಳೆಮೋಡದಲ್ಲಿ ಕಣ್ಮರೆಯಾದರು. ಅವಶೇಷ ಸಿಕ್ಕಿದ್ದು ಮರುದಿನ. ಸತ್ತವರ ಆ ಪಟ್ಟಿಯಲ್ಲಿ ಪೈಲಟ್‌ಗಳೂ ಇದ್ದರು, ಅವರ ಹೆಸರು ಮಾತ್ರ ಯಾವ ಊರಿನ ರಸ್ತೆ ವೃತ್ತಕ್ಕೂ ಬಂದಿಲ್ಲ.

ಹೀಗಿದ್ದೂ ಒಬ್ಬ ಪೈಲಟ್ "ಇವತ್ತು ಆಗುವುದಿಲ್ಲ" ಎಂದರೆ, ನಾಯಕರು ಕಾರಿನಲ್ಲಿ ನಾಲ್ಕು ಗಂಟೆ ಕುಲುಕುತ್ತ ಹೋಗಬೇಕಾಗುತ್ತದೆ, ಕಾರ್ಯಕರ್ತರಿಗೆ ಅದು ನಾಯಕರಿಗಾದ ಅಪಮಾನವಾಗಿ ಕಾಣುತ್ತದೆ, ಮರುದಿನ ಬೇರೆ ಕಂಪನಿಯ ಹೆಲಿಕಾಪ್ಟರ್ ಬಾಡಿಗೆಗೆ ಬಂದು ನಿಲ್ಲುತ್ತದೆ. ಅದರ ಪೈಲಟ್ "ಆಗಲಿ ಸಾರ್" ಎನ್ನುವುದರಲ್ಲಿ ಬಹಳ ಪಳಗಿದವರೆಂದು ಆಪ್ತ ಸಹಾಯಕರು ಮೆಚ್ಚಿಕೊಳ್ಳುತ್ತಾರೆ. ಅವರಿಗೂ ಅದರಲ್ಲೊಂದು ಸೀಟಿದೆ. ಆದರೆ ಆಕಾಶ ನೋಡಿದ ಮೇಲೆ, ವೇದಿಕೆಯ ವ್ಯವಸ್ಥೆ ನೋಡಿಕೊಳ್ಳಬೇಕೆಂದು ಅವರು ಬೆಳಗ್ಗೆಯೇ ಕಾರಿನಲ್ಲಿ ಹೊರಟುಹೋಗಿರುತ್ತಾರೆ.