ದಾಳಿಂಬೆ ತಿಂದರೆ ಸಾಕು, ಸಿರಪ್ ಬೇಡ ಎಂಬ ಸಂದೇಶದ ಬಗ್ಗೆ ಸ್ಪಷ್ಟನೆ

ಮಕ್ಕಳಿಗೆ ದಿನವೂ ಒಂದು ದಾಳಿಂಬೆ ಇಲ್ಲವೇ ಪಪ್ಪಾಯಿ ತಿನ್ನಿಸಿದರೆ ರಕ್ತಹೀನತೆ ಬರುವುದಿಲ್ಲ, ಆಶಾ ಕಾರ್ಯಕರ್ತೆಯರು ಕೊಡುವ ಕಬ್ಬಿಣಾಂಶದ ಸಿರಪ್ ಬೇಕಾಗಿಲ್ಲ ಎಂಬ ಸಂದೇಶ ವಾಟ್ಸಾಪ್‌ನಲ್ಲಿ ಹರಿದಾಡುತ್ತಿದೆ. ಇದು ಸರಿಯಲ್ಲ.

ದಾಳಿಂಬೆಯ ಕೆಂಪಿಗೆ ಕಾರಣ ಆಂಥೋಸಯನಿನ್ ಎಂಬ ವರ್ಣದ್ರವ್ಯವೇ ಹೊರತು ಕಬ್ಬಿಣವಲ್ಲ. 100 ಗ್ರಾಂ ದಾಳಿಂಬೆ ಕಾಳಿನಲ್ಲಿರುವ ಕಬ್ಬಿಣ ಸುಮಾರು 0.3 ಮಿಲಿಗ್ರಾಂ ಮಾತ್ರ. ಪಪ್ಪಾಯಿ, ಬಾಳೆ, ಸೀಬೆಗಳಲ್ಲಿಯೂ ಹೆಚ್ಚುಕಡಿಮೆ ಅಷ್ಟೇ. ಒಂದರಿಂದ ಮೂರು ವರ್ಷದ ಮಗುವಿಗೆ ದಿನಕ್ಕೆ 8 ಮಿಲಿಗ್ರಾಂ ಬೇಕೆಂದು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಶಿಫಾರಸು ಮಾಡಿರುವುದರಿಂದ, ಅದನ್ನು ದಾಳಿಂಬೆಯಿಂದಲೇ ತುಂಬಿಸಲು ಎರಡೂವರೆ ಕಿಲೋಗೂ ಹೆಚ್ಚು ಕಾಳು ಬೇಕಾಗುತ್ತದೆ. ಯಾವ ಮಗು ತಿಂದೀತು?

ಹಾಗೆಂದು ಹಣ್ಣು ವ್ಯರ್ಥವಲ್ಲ. ಸೀಬೆಯ 100 ಗ್ರಾಂನಲ್ಲಿ 200 ಮಿಲಿಗ್ರಾಂಗೂ ಹೆಚ್ಚು ವಿಟಮಿನ್ ಸಿ ಇದ್ದು, ರಾಗಿ, ಹುರುಳಿ, ಸೊಪ್ಪುಗಳಲ್ಲಿರುವ ಕಬ್ಬಿಣವನ್ನು ಕರುಳು ಸುಲಭವಾಗಿ ಹೀರಿಕೊಳ್ಳುವ ರೂಪಕ್ಕೆ ಅದು ತರುತ್ತದೆ. ಆದ್ದರಿಂದ ಊಟದ ಜೊತೆಯಲ್ಲೇ ಹಣ್ಣು ಕೊಡುವುದು ಒಳ್ಳೆಯದು, ಚಹಾವನ್ನಂತೂ ಕೊಡಬಾರದು.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ-5ರ ಪ್ರಕಾರ ಕರ್ನಾಟಕದಲ್ಲಿ 6ರಿಂದ 59 ತಿಂಗಳ ಮಕ್ಕಳಲ್ಲಿ ಶೇ 65.5ರಷ್ಟು ಮಂದಿಗೆ ರಕ್ತಹೀನತೆಯಿತ್ತು. ಈ ವಯಸ್ಸಿನವರಿಗಾಗಿಯೇ ಅನೀಮಿಯಾ ಮುಕ್ತ ಭಾರತ ಕಾರ್ಯಕ್ರಮದಡಿ ವಾರಕ್ಕೆ ಎರಡು ಬಾರಿ 1 ಮಿಲಿಲೀಟರ್ ಸಿರಪ್ ನೀಡಲಾಗುತ್ತಿದ್ದು, ಅಷ್ಟರಲ್ಲೇ 20 ಮಿಲಿಗ್ರಾಂ ಕಬ್ಬಿಣವಿರುತ್ತದೆ. ಸಿರಪ್ ಕುಡಿದ ಮಗುವಿನ ಮಲ ಕಪ್ಪಾಗುವುದು ಸಹಜ. ಅದಕ್ಕೆ ಹೆದರಿ ದಯವಿಟ್ಟು ನಿಲ್ಲಿಸಬೇಡಿ, ಅನುಮಾನವಿದ್ದರೆ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರನ್ನು ಕೇಳಿ.