ಗೋಡೆಗಾದರೂ ನ್ಯಾಯ ಸಿಕ್ಕೀತೆ?

ಅಮೆರಿಕದ ಕೆಂಟಕಿ ರಾಜ್ಯದ ಲೂಯಿವಿಲ್ ನಗರದಲ್ಲಿ ಪೊಲೀಸರ ಗುಂಡಿಗೆ ಬಲಿಯಾದ ಕಪ್ಪು ಯುವತಿ ಬ್ರಿಯಾನಾ ಟೇಲರ್ ಪ್ರಕರಣದಲ್ಲಿ ಅಪರಾಧ ಸಾಬೀತಾದ ಮಾಜಿ ಪೊಲೀಸ್ ಬ್ರೆಟ್ ಹ್ಯಾಂಕಿಸನ್‌ಗೆ ಒಂದು ದಿನದ ಸಜೆ ಸಾಕೆಂದು 2025ರ ಜುಲೈನಲ್ಲಿ ಕೋರಿದ್ದು ಆತನ ವಿರುದ್ಧ ಮೊಕದ್ದಮೆ ಹೂಡಿದ್ದ ಅಮೆರಿಕದ ನ್ಯಾಯ ಇಲಾಖೆಯೇ. ಇಂಥ ಫಿರ್ಯಾದಿ ಸಿಗಬೇಕಾದರೆ ಏಳು ಜನ್ಮದ ಪುಣ್ಯ ಬೇಕು. ನ್ಯಾಯಾಧೀಶೆ ರೆಬೆಕಾ ಗ್ರೇಡಿ ಜೆನಿಂಗ್ಸ್ ಅವರಿಗೆ ಮಾತ್ರ ಈ ಔದಾರ್ಯ ರುಚಿಸಲಿಲ್ಲ. 33 ತಿಂಗಳು ವಿಧಿಸಿಬಿಟ್ಟರು.

ಆದರೂ ನನ್ನ ಮೆಚ್ಚುಗೆಯೆಲ್ಲ 2020ರ ಸೆಪ್ಟೆಂಬರ್ 23ರ ಗ್ರ್ಯಾಂಡ್ ಜ್ಯೂರಿಯ, ಅಂದರೆ ಯಾರ ಮೇಲೆ ಆರೋಪ ಹೊರಿಸಬೇಕೆಂದು ತೀರ್ಮಾನಿಸುವ ನಾಗರಿಕರ ಮಂಡಳಿಯ, ನಿರ್ಣಯಕ್ಕೇ ಮೀಸಲು. ಆ ವರ್ಷದ ಮಾರ್ಚ್ 13ರ ನಡುರಾತ್ರಿ ಬಾಗಿಲು ಮುರಿದು ನುಗ್ಗಿದ ಪೊಲೀಸರು, ಕಳ್ಳರೆಂದು ಬಗೆದು ಟೇಲರ್ ಗೆಳೆಯ ಹಾರಿಸಿದ ಒಂದು ಗುಂಡಿಗೆ 32 ಗುಂಡುಗಳ ಉತ್ತರ ಕೊಟ್ಟರು. ಆಕೆಯ ಮೈಹೊಕ್ಕ ಗುಂಡುಗಳಿಗೆ ಯಾರೂ ಹೊಣೆಯಾಗಲಿಲ್ಲ. ಗೋಡೆ ತೂರಿ ಪಕ್ಕದ ಮನೆ ಸೇರಿ ಯಾರಿಗೂ ತಗಲದ ಗುಂಡುಗಳಿಗೆ ಮಾತ್ರ ಹ್ಯಾಂಕಿಸನ್ ಮೇಲೆ ಆರೋಪ ಬಂತು. 2022ರಲ್ಲಿ ರಾಜ್ಯದ ನ್ಯಾಯಾಲಯದಲ್ಲಿ ಅದರಿಂದಲೂ ಆತ ಖುಲಾಸೆಯಾದ; ಮೇಲೆ ಹೇಳಿದ ಸಜೆ ಕೇಂದ್ರದ ನ್ಯಾಯ ಇಲಾಖೆ ಆಮೇಲೆ ಹೂಡಿದ ಬೇರೆ ಮೊಕದ್ದಮೆಯದು. ಅಲ್ಲಿಗೆ ಗೋಡೆಯೂ ಕೇಸು ಸೋತಂತಾಯಿತು.

ಇನ್ನು ಆ ರಾತ್ರಿಯ ಘಟನಾ ವರದಿಯನ್ನು ಸರ್ಕಾರಿ ಬರಹದ ಮೇರುಕೃತಿಯೆಂದೇ ಹೇಳಬೇಕು. ನಾಲ್ಕು ಪುಟ, ಬಹುಪಾಲು ಖಾಲಿ. ‘ಗಾಯಗಳು’ ಎಂಬಲ್ಲಿ ‘ಇಲ್ಲ’. ‘ಬಲವಂತದ ಪ್ರವೇಶ’ ಎಂಬಲ್ಲಿಯೂ ‘ಇಲ್ಲ’. ತಂದೆಯ ಹೆಸರಿನ ಕೊನೆಯ ಅಕ್ಷರ ಚೌಕದಿಂದ ಹೊರಗೆ ಚಾಚಿದೆಯೆಂದು ಕೌಂಟರಿನಿಂದ ಅರ್ಜಿ ವಾಪಸು ತಂದ ನನ್ನಂಥವನಿಗೆ, ಶವವೊಂದು ಇಷ್ಟು ಸಲೀಸಾಗಿ ಅಂಕಣದಿಂದ ಜಾರಿಹೋಗುವುದನ್ನು ಕಂಡು ಹೊಟ್ಟೆಕಿಚ್ಚಾಯಿತು. ಕೇಳಿದ್ದಕ್ಕೆ ಪೊಲೀಸರು, ತಪ್ಪು ನಮ್ಮದಲ್ಲ, ವರದಿ ಬರೆಯುವ ತಂತ್ರಾಂಶದ್ದು ಎಂದರು. ಪಾಪ, ಅದಕ್ಕೆ ವಕೀಲರಿಲ್ಲ.

ಇದರಲ್ಲಿ ನಗುವಂಥದ್ದೇನೂ ಇಲ್ಲ. ಆಕೆಗೆ 26 ವರ್ಷ. ಆಸ್ಪತ್ರೆಯ ತುರ್ತು ವಿಭಾಗದಲ್ಲಿ ದುಡಿಯುತ್ತಿದ್ದಳು. ಮಾದಕ ವಸ್ತು ಹುಡುಕಲು ಬಂದವರಿಗೆ ಮನೆಯಲ್ಲಿ ಅಂಥದ್ದೇನೂ ಸಿಗಲಿಲ್ಲ, ವಾರಂಟು ಪಡೆಯಲು ಸಲ್ಲಿಸಿದ ಪ್ರಮಾಣಪತ್ರದಲ್ಲಿ ಸುಳ್ಳು ಬರೆಯಲಾಗಿತ್ತೆಂದು ಅದೇ ಪೊಲೀಸ್ ಇಲಾಖೆಯಲ್ಲಿದ್ದ ಪತ್ತೇದಾರಿಣಿಯೊಬ್ಬಳೇ 2022ರಲ್ಲಿ ತಪ್ಪೊಪ್ಪಿಕೊಂಡಳು. ಲೂಯಿವಿಲ್ ಪೊಲೀಸರು ಕಪ್ಪು ಜನರ ವಿಷಯದಲ್ಲಿ ತಾರತಮ್ಯ ಮಾಡುತ್ತಾರೆಂದು 2023ರಲ್ಲಿ ವರದಿ ಕೊಟ್ಟ ಅದೇ ನ್ಯಾಯ ಇಲಾಖೆ, 2025ರಲ್ಲಿ ಆ ವರದಿಯನ್ನೇ ಹಿಂದಕ್ಕೆ ಪಡೆಯಿತು. ಎರಡು ವರ್ಷದಲ್ಲಿ ಬದಲಾಗಿದ್ದು ಪೊಲೀಸರಲ್ಲ, ವಾಷಿಂಗ್ಟನ್ನಿನ ಕುರ್ಚಿಯಲ್ಲಿ ಕುಳಿತವರು.

ಪ್ರಾಣ ತೆಗೆದ ಗುಂಡು ಮೈಲ್ಸ್ ಕಾಸ್‌ಗ್ರೋವ್ ಎಂಬಾತನದೆಂದು ಎಫ್‌ಬಿಐ ಪರೀಕ್ಷೆ ಹೇಳಿತ್ತು. ಲೂಯಿವಿಲ್ ಇಲಾಖೆ ಆತನನ್ನು ವಜಾ ಮಾಡಿತು. 2023ರಲ್ಲಿ ಅದೇ ರಾಜ್ಯದ ಕ್ಯಾರಲ್ ಕೌಂಟಿಯ ಶೆರಿಫ್ ಕಚೇರಿ ಆತನಿಗೆ ಮತ್ತೆ ಸಮವಸ್ತ್ರ ತೊಡಿಸಿತು. ಅನುಭವಿಗಳಿಗೆ ಆದ್ಯತೆ ಇದ್ದಿರಬೇಕು.